ಎಂಗೇಜ್ ಸದ್ದಿಗೆ ಗಣಿತ ಬರೆದ ಮೇಷ್ಟ್ರು ಎರ್ಲಾಂಗ್

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಮನೆಗಳಿಗೆ ಅಂತರ್ಜಾಲ ಮೊದಲು ಕಾಲಿಟ್ಟದ್ದು ದೂರವಾಣಿ ತಂತಿಯ ಮೂಲಕ. ಮೋಡೆಮ್ ಕಿರುಗುಟ್ಟುತ್ತ ಸಂಖ್ಯೆ ಡಯಲ್ ಮಾಡುತ್ತಿತ್ತು. ರಾತ್ರಿ ಊಟದ ಹೊತ್ತಿನಲ್ಲಾದರೆ ಅತ್ತ ಕಡೆಯಿಂದ ಎಷ್ಟೋ ಬಾರಿ ಬರುತ್ತಿದ್ದುದು ಎಂಗೇಜ್ ಸದ್ದು. ಮುಂದೆ ಬ್ರಾಡ್‌ಬ್ಯಾಂಡ್ ಬಂದಾಗ ಆ ಸದ್ದು ನಿಂತಿತು. ಬದಲಿಗೆ ಸಂಜೆಯಾದಂತೆ ವೇಗ ಕುಸಿಯುವುದು, ಮೋಡೆಮ್ ಆರಿಸಿ ಹಚ್ಚಿದಾಗಲೆಲ್ಲ ಗಣಕಯಂತ್ರದ ಐಪಿ ವಿಳಾಸ ಬದಲಾಗುವುದು ಶುರುವಾಯಿತು. ಈ ಎಲ್ಲದರ ಹಿಂದೆ ಒಂದೇ ಲೆಕ್ಕಾಚಾರವಿದೆ. ಅದನ್ನು ಮಾಡಿಟ್ಟವರು ಗಣಕಯಂತ್ರವನ್ನೇ ಕಾಣದೆ 1929ರಲ್ಲಿ ತೀರಿಕೊಂಡ ಡೆನ್ಮಾರ್ಕಿನ ಗಣಿತಜ್ಞ ಅಗ್ನರ್ ಕ್ರಾರುಪ್ ಎರ್ಲಾಂಗ್.

ದೂರಸಂಪರ್ಕ ಓದಿದ ಯಾವ ಎಂಜಿನಿಯರನಿಗೂ ಈ ಹೆಸರು ಅಪರಿಚಿತವಲ್ಲ. ಉದ್ದಕ್ಕೆ ಮೀಟರ್, ತೂಕಕ್ಕೆ ಕಿಲೋಗ್ರಾಂ ಇರುವಂತೆ ದೂರವಾಣಿ ದಟ್ಟಣೆಗೆ ಇರುವ ಅಳತೆಯ ಹೆಸರೇ ಎರ್ಲಾಂಗ್. ಅಳತೆ ಪ್ರಸಿದ್ಧವಾಯಿತು, ಮನುಷ್ಯ ಮರೆಯಾದ.

ಎರ್ಲಾಂಗ್ ಹುಟ್ಟಿದ್ದು 1878ರ ಜನವರಿ 1ರಂದು, ಡೆನ್ಮಾರ್ಕಿನ ಜಟ್ಲೆಂಡ್ ಪ್ರಾಂತ್ಯದ ಲೋನ್‌ಬೋರ್ಗ್ ಎಂಬ ಹಳ್ಳಿಯಲ್ಲಿ. ತಂದೆ ಹಾನ್ಸ್ ನೀಲ್ಸನ್ ಎರ್ಲಾಂಗ್ ಊರಿನ ಶಾಲಾ ಮಾಸ್ತರರು. ಚರ್ಚಿನ ಗುಮಾಸ್ತಿಕೆಯೂ ಅವರದ್ದೇ. ತಾಯಿ ಮ್ಯಾಗ್ಡಲೀನ್ ಕ್ರಾರುಪ್ ಪಾದ್ರಿಗಳ ಮನೆತನದವರು. ಅವರ ಪೂರ್ವಜರಲ್ಲೊಬ್ಬರು ತ್ರಿಕೋನಮಿತಿಗೆ ಟ್ಯಾಂಜೆಂಟ್, ಸೀಕೆಂಟ್ ಎಂಬ ಹೆಸರುಗಳನ್ನು ಕೊಟ್ಟ ಹದಿನಾರನೆಯ ಶತಮಾನದ ಗಣಿತಜ್ಞ ಥಾಮಸ್ ಫಿಂಕೆ. ಮನೆಯಲ್ಲಿ ಹಣವಿರಲಿಲ್ಲ, ಪುಸ್ತಕಗಳಿದ್ದವು. ಸಂಜೆ ಅಣ್ಣ ಫ್ರೆಡರಿಕ್ ಮೇಜಿನ ಮೇಲೆ ಪುಸ್ತಕ ತೆರೆದು ಓದುತ್ತಿದ್ದರೆ ಎದುರು ಕುಳಿತ ತಮ್ಮ ಅದೇ ಪುಟವನ್ನು ತಲೆಕೆಳಗಾಗಿ ಓದುತ್ತಿದ್ದನಂತೆ. ಒಂದೇ ಪುಸ್ತಕ, ಓದುವವರಿಬ್ಬರು. ಹಂಚಿಕೊಳ್ಳುವಿಕೆಯ ಗಣಿತ ಬರೆಯಲಿದ್ದ ಹುಡುಗನ ಬಾಲ್ಯಕ್ಕೆ ಇದಕ್ಕಿಂತ ಒಪ್ಪುವ ಚಿತ್ರ ಸಿಗಲಾರದು. ಆಗ ಅವನಿಗೆ ಪ್ರಿಯವಾಗಿದ್ದ ವಿಷಯ ಖಗೋಳಶಾಸ್ತ್ರ. ನಕ್ಷತ್ರಗಳ ಕುರಿತು ಪದ್ಯ ಕಟ್ಟುವ ಹವ್ಯಾಸವೂ ಇತ್ತು.

ತಂದೆಯ ಶಾಲೆಯಲ್ಲೇ ಓದಿ, ವಯಸ್ಸು ಸಾಲದೆಂಬ ಕಾರಣಕ್ಕೆ ವಿಶೇಷ ಅನುಮತಿ ಪಡೆದು, ಹದಿನಾಲ್ಕನೆಯ ವಯಸ್ಸಿನಲ್ಲಿ ಕೋಪನ್‌ಹೇಗನ್‌ನಲ್ಲಿ ಪರೀಕ್ಷೆ ಬರೆದು ಉನ್ನತ ದರ್ಜೆಯಲ್ಲಿ ತೇರ್ಗಡೆಯಾದ. ಮುಂದೆ ಓದಿಸುವ ಶಕ್ತಿ ಮನೆಗೆ ಇರಲಿಲ್ಲವಾದ್ದರಿಂದ ಊರಿಗೆ ಮರಳಿ ಎರಡು ವರ್ಷ ತಂದೆಯ ಶಾಲೆಯಲ್ಲೇ ಸಹಾಯಕ ಶಿಕ್ಷಕನಾಗಿ ದುಡಿದ. 1896ರಲ್ಲಿ ವಿಶ್ವವಿದ್ಯಾಲಯದ ಪ್ರವೇಶ ದೊರೆಯಿತು. ವಿದ್ಯಾರ್ಥಿವೇತನವೂ ಉಚಿತ ವಸತಿಯೂ ಸಿಕ್ಕಿದ್ದರಿಂದ ಓದು ಸಾಗಿತು. 1901ರಲ್ಲಿ ಗಣಿತವನ್ನು ಮುಖ್ಯ ವಿಷಯವನ್ನಾಗಿಯೂ ಖಗೋಳ, ಭೌತ, ರಸಾಯನಶಾಸ್ತ್ರಗಳನ್ನು ಉಪವಿಷಯಗಳನ್ನಾಗಿಯೂ ಓದಿ ಸ್ನಾತಕೋತ್ತರ ಪದವಿ ಪಡೆದರು. ಅನಂತರದ ಏಳು ವರ್ಷ ಬೇರೆ ಬೇರೆ ಶಾಲೆಗಳಲ್ಲಿ ಮೇಷ್ಟ್ರುಗಿರಿ. ಅದರ ನಡುವೆಯೇ ಹೈಗನ್ಸ್‌ನ ಗಣಿತದ ಕುರಿತು ಬರೆದ ಪ್ರಬಂಧಕ್ಕೆ ವಿಶ್ವವಿದ್ಯಾಲಯದ ಮನ್ನಣೆ ದೊರೆಯಿತು.

ಈ ಮೇಷ್ಟ್ರು ದೂರವಾಣಿಯ ಲೋಕಕ್ಕೆ ಬಂದದ್ದು ಗಣಿತ ಸಂಘದ ಗೆಳೆತನದಿಂದ. ಡೆನ್ಮಾರ್ಕಿನ ಗಣಿತಜ್ಞರ ಸಂಘದ ಸಭೆಗಳಿಗೆ ಎರ್ಲಾಂಗ್ ತಪ್ಪದೆ ಹೋಗುತ್ತಿದ್ದರು. ಅಲ್ಲಿ ಪರಿಚಯವಾದವರು ಯೋಹಾನ್ ಯೆನ್ಸೆನ್. ಗಣಿತದ ವಿದ್ಯಾರ್ಥಿಗಳು ಇಂದಿಗೂ ಓದುವ ಯೆನ್ಸೆನ್ ಅಸಮಾನತೆ ಇವರದ್ದೇ. ಗಣಿತ ಅವರಿಗೆ ಬಿಡುವಿನ ವೇಳೆಯ ಕೆಲಸ. ಹೊಟ್ಟೆಪಾಡಿಗೆ ಅವರು ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯ ಮುಖ್ಯ ಎಂಜಿನಿಯರ್. ಕಂಪನಿಯ ಆಡಳಿತ ನಿರ್ದೇಶಕ ಯೊಹಾನ್ಸೆನ್ ಕೂಡ ಗ್ರಾಹಕರು ಎಷ್ಟು ಹೊತ್ತು ಕಾಯಬೇಕಾಗುತ್ತದೆ ಎಂಬ ಪ್ರಶ್ನೆಗೆ ತಲೆಕೆಡಿಸಿಕೊಂಡು ಲೇಖನ ಬರೆದಿದ್ದವರು. ಈ ಇಬ್ಬರೂ ಸೇರಿ 1908ರಲ್ಲಿ ಮೂವತ್ತರ ಎರ್ಲಾಂಗ್ ಅವರನ್ನು ಕಂಪನಿಗೆ ಸೇರಿಸಿಕೊಂಡರು, ಪ್ರಯೋಗಾಲಯದ ಹೊಣೆ ಒಪ್ಪಿಸಿದರು.

ಕಂಪನಿಯ ಮುಂದಿದ್ದ ಸಮಸ್ಯೆ ಸರಳವಾದುದು, ಉತ್ತರ ಮಾತ್ರ ಯಾರ ಬಳಿಯೂ ಇರಲಿಲ್ಲ. ಅಂದಿನ ವಿನಿಮಯ ಕೇಂದ್ರಗಳಲ್ಲಿ ಕರೆ ಜೋಡಿಸಲು ಆಪರೇಟರುಗಳು ಕೂರುತ್ತಿದ್ದರು. ಎಲ್ಲ ಗ್ರಾಹಕರೂ ಒಮ್ಮೆಲೇ ಮಾತನಾಡುವುದಿಲ್ಲವಾದ್ದರಿಂದ ಗ್ರಾಹಕರಷ್ಟೇ ತಂತಿಗಳನ್ನು ಹಾಕುವುದು ದುಂದು. ತೀರಾ ಕಡಿಮೆ ಹಾಕಿದರೆ ಜನ ರೇಗುತ್ತಾರೆ. ಹಾಗಾದರೆ ಎಷ್ಟು ಹಾಕಬೇಕು? ಮದುವೆ ಮನೆಯಲ್ಲಿ ಅಡಿಗೆಯವರು ಮೊದಲ ಪಂಕ್ತಿಗೆ ಎಷ್ಟು ಎಲೆ ಹಾಸಬೇಕೆಂದು ಅಂದಾಜು ಮಾಡುತ್ತಾರಲ್ಲ, ಅಂಥದೇ ಅಂದಾಜಿನ ಮೇಲೆ ಕೋಟ್ಯಂತರ ರೂಪಾಯಿ ಬೆಲೆಬಾಳುವ ಉದ್ಯಮಗಳು ನಡೆಯುತ್ತಿದ್ದ ಕಾಲ ಅದು.

ಎರ್ಲಾಂಗ್ 1909ರಲ್ಲಿ ಮೊದಲ ಲೇಖನ ಪ್ರಕಟಿಸಿದರು. ಒಬ್ಬರಿಗೊಬ್ಬರು ಸಂಬಂಧವಿಲ್ಲದ ಸಾವಿರಾರು ಜನ ತಮ್ಮ ತಮ್ಮ ತುರ್ತಿಗೆ ಮಾಡುವ ಕರೆಗಳು ಒಟ್ಟಾರೆಯಾಗಿ ಸಂಭವನೀಯತೆಯ ಒಂದು ನಿಯಮಕ್ಕೆ, ಪ್ವಾಸೋನ್ ಹಂಚಿಕೆಗೆ, ಒಳಪಡುತ್ತವೆ ಎಂದು ಅದರಲ್ಲಿ ತೋರಿಸಿದರು. 1917ರ ಲೇಖನ ಅದಕ್ಕಿಂತ ದೊಡ್ಡ ಹೆಜ್ಜೆ. ಇಷ್ಟು ದಟ್ಟಣೆಗೆ ಇಷ್ಟು ತಂತಿಗಳಿದ್ದರೆ ನೂರರಲ್ಲಿ ಎಷ್ಟು ಮಂದಿಗೆ ಎಂಗೇಜ್ ಸದ್ದು ಕೇಳುತ್ತದೆ ಎಂಬುದನ್ನು ಲೆಕ್ಕ ಹಾಕುವ ಸೂತ್ರ ಅದರಲ್ಲಿತ್ತು. ಕರೆ ತಿರಸ್ಕೃತವಾಗದೆ ಸಾಲಿನಲ್ಲಿ ನಿಲ್ಲುವುದಾದರೆ ಎಷ್ಟು ಕಾಯಬೇಕು ಎಂಬುದಕ್ಕೆ ಇನ್ನೊಂದು ಸೂತ್ರ.

ಸೂತ್ರದ ರುಚಿ ತಿಳಿಯಲು ರಾಜಾಜಿನಗರದ ಸಾವಿರ ಮನೆಗಳನ್ನು ಊಹಿಸಿಕೊಳ್ಳಬಹುದು. ಅತಿ ಹೆಚ್ಚು ಒತ್ತಡದ ಒಂದು ಗಂಟೆಯಲ್ಲಿ ಪ್ರತಿ ಮನೆಯವರೂ ಸರಾಸರಿ ಆರು ನಿಮಿಷ ಮಾತನಾಡುತ್ತಾರೆ ಎನ್ನೋಣ. ಒಟ್ಟು 6,000 ನಿಮಿಷ, ಅಂದರೆ 100 ಗಂಟೆಗಳ ಮಾತು. ಒಂದು ತಂತಿ ಒಂದು ಗಂಟೆ ಪೂರ್ತಿ ಮಾತಿನಲ್ಲಿ ತೊಡಗಿದ್ದರೆ ಅದು ಒಂದು ಎರ್ಲಾಂಗ್. ಆದ್ದರಿಂದ ಇಲ್ಲಿನ ದಟ್ಟಣೆ 100 ಎರ್ಲಾಂಗ್. ಸಾವಿರ ಮನೆಗಳಿಗೆ 117 ತಂತಿಗಳಿದ್ದರೆ ಸಾಕು, ನೂರರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ನಿರಾಶರಾಗುವುದಿಲ್ಲ ಎನ್ನುತ್ತದೆ ಸೂತ್ರ. ಇದೇ ಸೇವೆಯನ್ನು ನೂರು ಮನೆಗಳ ಒಂದು ಸಣ್ಣ ಗುಂಪಿಗೆ ಕೊಡಬೇಕಾದರೆ 18 ತಂತಿ ಬೇಕು. ಸಾವಿರ ಮನೆಗಳನ್ನು ಹತ್ತು ಗುಂಪುಗಳಾಗಿ ಒಡೆದರೆ ಹೀಗೆ 180 ತಂತಿಗಳು ಬೇಕಾಗುತ್ತವೆ. ಒಟ್ಟಿಗಿದ್ದರೆ 117, ಬೇರೆಯಾದರೆ 180. ದೊಡ್ಡ ಕಂಪನಿ ಅಗ್ಗದಲ್ಲಿ ಕೊಡುವ ಸೇವೆಯನ್ನು ಬೀದಿಯ ಕೇಬಲ್ ನಿರ್ವಾಹಕ ಅದೇ ದರಕ್ಕೆ ಕೊಡಲು ಏಕೆ ಒದ್ದಾಡುತ್ತಾನೆ ಎಂಬುದಕ್ಕೆ ಈ ಎರಡು ಅಂಕಿಗಳಲ್ಲಿ ಅರ್ಧ ಉತ್ತರವಿದೆ.

ಇದರಲ್ಲಿ ಮನುಷ್ಯರ ವಿಷಯವೂ ಒಂದಿದೆ. ನೂರಕ್ಕೆ ಒಬ್ಬರೋ ಐವರೋ, ಯಾರಿಗಾದರೂ ಸೇವೆ ಸಿಗದೇ ಹೋಗುವುದು ಖಚಿತ. ಆ ಸಂಖ್ಯೆಯನ್ನು ಕಂಪನಿಯೇ ಆರಿಸಿಕೊಳ್ಳುತ್ತದೆ. ಎರ್ಲಾಂಗ್‌ಗೆ ಮೊದಲು ಅದು ಹಣೆಬರಹವೆಂಬಂತೆ ನಡೆಯುತ್ತಿತ್ತು. ಅವರ ನಂತರ ಅದೊಂದು ಲೆಕ್ಕ ಸಿಗುವ ತೀರ್ಮಾನವಾಯಿತು. ಕಾಗದದ ಮೇಲೆ ಬರೆದಿಟ್ಟ ತೀರ್ಮಾನವನ್ನು ಪ್ರಶ್ನಿಸಬಹುದು.

ಸೂತ್ರ ಬರೆದವರು ಕೋಣೆಯಲ್ಲೇ ಕುಳಿತಿದ್ದರೆಂದು ತಿಳಿಯಬೇಕಿಲ್ಲ. ಪ್ರಯೋಗಾಲಯಕ್ಕೆ ಆರಂಭದಲ್ಲಿ ಸಹಾಯಕರೇ ಇರಲಿಲ್ಲ. ನೆಲದಡಿಯ ಕೇಬಲುಗಳಲ್ಲಿ ಸೋರುವ ವಿದ್ಯುತ್ತನ್ನು ಅಳೆಯಲು ಎರ್ಲಾಂಗ್ ತಾವೇ ಹೊರಡುತ್ತಿದ್ದರು. ಕೋಪನ್‌ಹೇಗನ್‌ನ ಬೀದಿಗಳಲ್ಲಿ ಮುಂದೆ ಗಣಿತಜ್ಞ, ಹಿಂದೆ ಏಣಿ ಹೊತ್ತ ಕೆಲಸಗಾರ ಸಾಗುವುದು ಜನರಿಗೆ ಪರಿಚಿತ ನೋಟವಾಗಿತ್ತಂತೆ. ಏಣಿ ಇಳಿಸಿ ಮ್ಯಾನ್‌ಹೋಲಿಗಿಳಿದು ಅಳತೆ ತೆಗೆದುಕೊಂಡು ಮೇಲೆ ಬರುತ್ತಿದ್ದರು. ನಾಲ್ಕು ಅಂಕಿಗಳ ಲಾಗರಿಥಂ ಕೋಷ್ಟಕಗಳನ್ನೂ ಅವರು ಸಿದ್ಧಪಡಿಸಿ ಪ್ರಕಟಿಸಿದರು.

ಎರ್ಲಾಂಗ್ ಮದುವೆಯಾಗಲಿಲ್ಲ. ಹಗಲೆನ್ನದೆ ರಾತ್ರಿಯೆನ್ನದೆ ಕೆಲಸ, ಉಳಿದ ಹೊತ್ತು ಪುಸ್ತಕ. ಗಣಿತ, ಖಗೋಳ, ಭೌತಶಾಸ್ತ್ರಗಳ ದೊಡ್ಡ ಸಂಗ್ರಹ ಅವರ ಬಳಿ ಇತ್ತು. ಮಾತು ಕಡಿಮೆ. ತನ್ನಷ್ಟಕ್ಕೆ ತಾನಿರುವ ವ್ಯಕ್ತಿ ಎಂಬ ಅರ್ಥದ ಅಡ್ಡಹೆಸರನ್ನೇ ಗೆಳೆಯರು ಅವರಿಗೆ ಇಟ್ಟಿದ್ದರು. ಕಷ್ಟದಲ್ಲಿರುವವರು ಪ್ರಯೋಗಾಲಯದ ಬಾಗಿಲಿಗೆ ಬಂದರೆ ಬರಿಗೈಲಿ ಹೋಗುತ್ತಿರಲಿಲ್ಲ; ಕೊಟ್ಟದ್ದು ಸುತ್ತಲಿನವರಿಗೆ ತಿಳಿಯದಂತೆ ಕೊಡುವುದು ಅವರ ರೀತಿ. ಸೂತ್ರಗಳ ವಿಷಯದಲ್ಲೂ ಅವರದು ಕೊಡುಗೈ. ಬ್ರಿಟನ್ನಿನ ಅಂಚೆ ಇಲಾಖೆ ಅವುಗಳನ್ನು ತನ್ನ ವಿನಿಮಯ ಕೇಂದ್ರಗಳ ಲೆಕ್ಕಕ್ಕೆ ಬಳಸಿಕೊಂಡಿತು. ಎರ್ಲಾಂಗ್ ಬರಹಗಳನ್ನು ಮೂಲದಲ್ಲೇ ಓದಲು ಅಮೆರಿಕದ ಬೆಲ್ ಪ್ರಯೋಗಾಲಯದ ಸಂಶೋಧಕರೊಬ್ಬರು ಡೇನಿಷ್ ಭಾಷೆ ಕಲಿತರೆಂದೂ ಹೇಳುವುದುಂಟು.

ಸುಮಾರು ಇಪ್ಪತ್ತು ವರ್ಷ ಅನಾರೋಗ್ಯದ ರಜೆಯನ್ನೇ ಕಾಣದೆ ದುಡಿದವರೆಂಬ ಹೆಸರಿದ್ದ ಎರ್ಲಾಂಗ್ 1929ರ ಜನವರಿಯಲ್ಲಿ ಹೊಟ್ಟೆಯ ಶಸ್ತ್ರಚಿಕಿತ್ಸೆಗೆಂದು ಆಸ್ಪತ್ರೆ ಸೇರಿದರು. ಹಿಂತಿರುಗಲಿಲ್ಲ. ಫೆಬ್ರವರಿ 3ರಂದು ನಿಧನರಾದರು. ಆಗ ಅವರಿಗೆ 51 ವರ್ಷ. ದೂರವಾಣಿ ದಟ್ಟಣೆಯ ಮಾನಕ್ಕೆ ಅಂತಾರಾಷ್ಟ್ರೀಯ ಸಮಿತಿ ಅವರ ಹೆಸರಿಟ್ಟದ್ದು 1946ರಲ್ಲಿ. ಅವರ ಜೀವನ ಮತ್ತು ಬರಹಗಳ ಸಂಪುಟ ಇಂಗ್ಲಿಷಿನಲ್ಲಿ ಹೊರಬಂದದ್ದು 1948ರಲ್ಲಿ.

ಕಾಕತಾಳೀಯವೆಂದರೆ ಅದೇ 1948ರಲ್ಲಿ ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಅಂದರೆ ಐಟಿಐ, ಆರಂಭವಾಯಿತು. ನಗರದ ಪೂರ್ವದಂಚಿನ ದೂರವಾಣಿನಗರದಲ್ಲಿ ತಯಾರಾದ ಸ್ವಯಂಚಾಲಿತ ವಿನಿಮಯ ಯಂತ್ರಗಳು ದೇಶದ ಉದ್ದಗಲಕ್ಕೂ ಹೋದವು. ಯಾವ ಊರಿಗೆ ಎಷ್ಟು ಸ್ವಿಚ್ಚು, ಎಷ್ಟು ಹೊರತಂತಿ ಎಂದು ನಿರ್ಧರಿಸುವ ವಿದ್ಯೆಗೆ ಆಧಾರ ಆ ಡೇನಿಷ್ ಮೇಷ್ಟ್ರ ಕೋಷ್ಟಕಗಳೇ. ಸಿ-ಡಾಟ್ ಸಂಸ್ಥೆ ರೂಪಿಸಿದ 128 ತಂತಿಗಳ ಗ್ರಾಮೀಣ ವಿನಿಮಯ ಕೇಂದ್ರ 1986ರಲ್ಲಿ ಮೊದಲು ಕೆಲಸ ಆರಂಭಿಸಿದ್ದು ನಮ್ಮ ಕಿತ್ತೂರಿನಲ್ಲಿ.

ದೇಶದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ದೊರೆತದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಡಯಲ್-ಅಪ್ ಕಾಲದಲ್ಲಿ ಎರ್ಲಾಂಗ್ ಸೂತ್ರ ಅಕ್ಷರಶಃ ಅನ್ವಯಿಸುತ್ತಿತ್ತು. ಸೇವಾದಾರರ ಬಳಿ ಇಂತಿಷ್ಟು ಮೋಡೆಮ್‌ಗಳು, ಅಷ್ಟೇ ಐಪಿ ವಿಳಾಸಗಳು. ಐಪಿ ವಿಳಾಸವೆಂದರೆ ಅಂತರ್ಜಾಲದಲ್ಲಿ ಗಣಕಯಂತ್ರಕ್ಕಿರುವ ಮನೆ ಸಂಖ್ಯೆ. ಅದಿಲ್ಲದೆ ಕೇಳಿದ ಪುಟ ಮರಳಿ ಬರುವುದಿಲ್ಲ. ಹಳೆಯ ಪದ್ಧತಿಯಲ್ಲಿ ಇಂಥ ಸಂಖ್ಯೆಗಳು ಒಟ್ಟು ಸುಮಾರು 429 ಕೋಟಿ, ಇಡೀ ಜಗತ್ತಿಗೆ. ಹಾಗಾಗಿ ಪ್ರತಿ ಗ್ರಾಹಕನಿಗೂ ಕಾಯಂ ಸಂಖ್ಯೆ ಬರೆದುಕೊಡದೆ, ಕರೆ ಬಂದಾಗ ಒಂದನ್ನು ಎರವಲು ಕೊಟ್ಟು, ಮುಗಿದ ಮೇಲೆ ವಾಪಸು ಪಡೆದು ಮತ್ತೊಬ್ಬರಿಗೆ ಕೊಡುತ್ತಿದ್ದರು. ಡೈನಾಮಿಕ್ ಐಪಿ ಎಂದರೆ ಇಷ್ಟೇ. ಗ್ರಂಥಾಲಯದಲ್ಲಿ ಸದಸ್ಯರು ಸಾವಿರ, ಪುಸ್ತಕ ನೂರಿಪ್ಪತ್ತು.

ಬಿಎಸ್‌ಎನ್‌ಎಲ್ 2005ರ ಜನವರಿಯಲ್ಲಿ ಡೇಟಾಒನ್ ಹೆಸರಿನ ಬ್ರಾಡ್‌ಬ್ಯಾಂಡ್ ಸೇವೆ ಆರಂಭಿಸಿತು. 2004ರ ಸರ್ಕಾರಿ ನೀತಿಯ ಪ್ರಕಾರ ಸೆಕೆಂಡಿಗೆ 256 ಕಿಲೋಬಿಟ್ ವೇಗವಿದ್ದರೆ ಅದು ಬ್ರಾಡ್‌ಬ್ಯಾಂಡ್. ಅಗ್ಗದ ಯೋಜನೆಯಲ್ಲಿ ತಿಂಗಳಿಗೆ 400 ಮೆಗಾಬೈಟ್ ಮಿತಿ. ಇಂದಿನ ಒಂದು ಚಲನಚಿತ್ರಕ್ಕೂ ಸಾಲದು. ಆಗ ಅನೇಕ ಯುವಕರಲ್ಲಿ ಒಂದು ನಂಬಿಕೆ ಇತ್ತು: ಮೋಡೆಮ್ ಆರಿಸಿ ಹಚ್ಚಿದರೆ ಹೊಸ ವಿಳಾಸ ಬರುತ್ತದೆ, ಹಳೆಯ ವಿಳಾಸದ ಹೆಸರಿನಲ್ಲಿದ್ದ ಬಳಕೆಯ ಲೆಕ್ಕ ಅಳಿಸಿಹೋಗುತ್ತದೆ. ಅದು ನಿಜವಲ್ಲ. ಬಳಕೆಯ ಲೆಕ್ಕ ವಿಳಾಸಕ್ಕೆ ಅಂಟಿಕೊಂಡಿರುವುದಿಲ್ಲ. ಮೋಡೆಮ್ ಚಾಲೂ ಆದೊಡನೆ ಬಳಕೆದಾರನ ಹೆಸರು, ಗುಪ್ತಪದಗಳು ಸೇವಾದಾರರ ಕೇಂದ್ರ ಗಣಕಕ್ಕೆ ಹೋಗುತ್ತವೆ. ಅದು ಪರಿಶೀಲಿಸಿ ವಿಳಾಸವೊಂದನ್ನು ಕೊಡುತ್ತದೆ. ಜೊತೆಗೆ ಖಾತೆ ಪುಸ್ತಕದಲ್ಲಿ ಬರೆದುಕೊಳ್ಳುತ್ತದೆ: ಇಂಥ ಗ್ರಾಹಕನಿಗೆ, ಇಂಥ ವಿಳಾಸ, ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ, ಇಷ್ಟು ಬೈಟ್. ವಿಳಾಸ ಎಷ್ಟು ಸಲ ಬದಲಾದರೂ ಸಾಲಗಾರನ ಹೆಸರು ಒಂದೇ. ಮಿತಿ ದಾಟಿದವರ ವೇಗ ಇಳಿಸುವುದೂ ಇದೇ ಹೆಸರಿನ ಮೇಲೆ.

ಅದೇ ಕಾಲದ ಕೆಲವು ಯೋಜನೆಗಳಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗಿನ ಬಳಕೆಗೆ ಮಿತಿ ಇರಲಿಲ್ಲ. ವಿಜಯನಗರದಲ್ಲೋ ಕೆಂಗೇರಿ ಉಪನಗರದಲ್ಲೋ ಅಲಾರಂ ಇಟ್ಟುಕೊಂಡು ಎದ್ದು ಡೌನ್‌ಲೋಡ್ ಹಚ್ಚಿ ಮಲಗುತ್ತಿದ್ದವರಿಗೆ ಅದು ಕಂಪನಿಯ ಔದಾರ್ಯದಂತೆ ಕಂಡಿರಬಹುದು. ಅಸಲಿಗೆ ಎರ್ಲಾಂಗ್ ಕಲಿಸಿದಂತೆ ಜಾಲವನ್ನು ಕಟ್ಟುವುದು ದಿನದ ಅತಿ ಒತ್ತಡದ ಗಂಟೆಗೆ. ಬೆಳಗಿನ ಜಾವ ಆ ಕೊಳವೆ ಖಾಲಿಯಾಗಿಯೇ ಬಿದ್ದಿರುತ್ತದೆ. ರಾತ್ರಿ ಕೊಟ್ಟದ್ದಕ್ಕೆ ಸೇವಾದಾರನಿಗೆ ಹೆಚ್ಚು ಖರ್ಚಿಲ್ಲ, ಸಂಜೆಯ ಹೊರೆ ಅಷ್ಟು ಇಳಿದರೆ ಲಾಭವೇ.

ಎರ್ಲಾಂಗ್ ಗಣಿತ ಎಲ್ಲಕ್ಕೂ ಹೊಂದುವುದಿಲ್ಲ ಎಂಬುದನ್ನೂ ಹೇಳಬೇಕು. ಮಾತು ಒಂದೇ ಹದದಲ್ಲಿ ಹರಿಯುತ್ತದೆ; ಅಂತರ್ಜಾಲದ ದತ್ತಾಂಶ ಗುಡುಗುಮಳೆಯಂತೆ, ಸುರಿದರೆ ಒಮ್ಮೆಲೇ ಸುರಿಯುತ್ತದೆ. 1990ರ ದಶಕದ ಆರಂಭದಲ್ಲಿ ಅಮೆರಿಕದ ಸಂಶೋಧಕರು ಜಾಲಗಳ ದಟ್ಟಣೆಯನ್ನು ಅಳೆದು ನೋಡಿದಾಗ ಅದು ಹಳೆಯ ನಿಯಮಕ್ಕೆ ಒಳಪಡದೆ, ಸೆಕೆಂಡಿನಲ್ಲಿ ನೋಡಿದರೂ ಗಂಟೆಯಲ್ಲಿ ನೋಡಿದರೂ ಅಷ್ಟೇ ಏರಿಳಿತ ತೋರಿಸುವುದು ಕಂಡುಬಂತು. ಆದರೆ ಜನ ಜಾಲಕ್ಕೆ ಬಂದು ಸೇರುವ ಕ್ಷಣಗಳು ಮಾತ್ರ ಇನ್ನೂ ಅವರ ನಿಯಮವನ್ನೇ ಪಾಲಿಸುತ್ತಿದ್ದವು. ಆದ್ದರಿಂದ ವಿಳಾಸಗಳ ಹಂಚಿಕೆಗೆ ಎರ್ಲಾಂಗ್ ಸಾಕು, ಬ್ಯಾಂಡ್‌ವಿಡ್ತ್ ಹಂಚಿಕೆಗೆ ಬೇರೆ ಗಣಿತವೂ ಬೇಕು.

ವಿಳಾಸಗಳ ಲೆಕ್ಕಕ್ಕೂ ಬೇಗನೆ ಕುತ್ತು ಬಂತು. ಆ ಸೂತ್ರದಲ್ಲಿ ಮುಖ್ಯವಾದುದು ಒಬ್ಬ ಗ್ರಾಹಕ ಸರಾಸರಿ ಎಷ್ಟು ಹೊತ್ತು ಹಿಡಿದುಕೊಳ್ಳುತ್ತಾನೆ ಎಂಬುದು. ಡಯಲ್-ಅಪ್ ಕಾಲದಲ್ಲಿ ನಿಮಿಷಕ್ಕೆ ದುಡ್ಡು ಕೊಡಬೇಕಿದ್ದರಿಂದ ಅರ್ಧ ಗಂಟೆಯಲ್ಲಿ ವಿಳಾಸ ಮರಳುತ್ತಿತ್ತು. ಮನೆಯಲ್ಲಿ ವೈಫೈ ಪೆಟ್ಟಿಗೆ ಬಂದು ಹಗಲು ರಾತ್ರಿ ಉರಿಯತೊಡಗಿದ ಮೇಲೆ ಎರವಲು ಪಡೆದ ಪುಸ್ತಕ ಮರಳುವುದೇ ಇಲ್ಲ. ಸಾವಿರ ಮನೆಗಳಿಗೆ ಹೆಚ್ಚುಕಡಿಮೆ ಸಾವಿರ ವಿಳಾಸಗಳೇ ಬೇಕಾದವು. ಅತ್ತ ಜಗತ್ತಿನ ದಾಸ್ತಾನು ಬರಿದಾಗುತ್ತಿತ್ತು. ಕೇಂದ್ರ ದಾಸ್ತಾನಿನಲ್ಲಿ ಉಳಿದಿದ್ದ ಕೊನೆಯ ಐದು ಕಂತುಗಳನ್ನು ಐದು ಖಂಡವಾರು ಸಂಸ್ಥೆಗಳಿಗೆ ಹಂಚಿದ್ದು 2011ರ ಫೆಬ್ರವರಿ 3ರಂದು. ಎರ್ಲಾಂಗ್ ತೀರಿಕೊಂಡು ಅಂದಿಗೆ ಸರಿಯಾಗಿ 82 ವರ್ಷ. ಏಷ್ಯಾದ ಪಾಲಿನ ಸಾಮಾನ್ಯ ದಾಸ್ತಾನು ಅದೇ ಏಪ್ರಿಲ್‌ನಲ್ಲಿ ಮುಗಿಯಿತು.

ಹೊಸ ಪದ್ಧತಿಯಾದ ಐಪಿವಿ6ರಲ್ಲಿ ವಿಳಾಸಗಳಿಗೆ ಬರವಿಲ್ಲ, ಬಳಕೆಯೂ ಹೆಚ್ಚುತ್ತಿದೆ. ಆದರೆ ಹಳೆಯ ಪದ್ಧತಿಯ ತಾಣಗಳು ಇನ್ನೂ ಉಳಿದಿರುವುದರಿಂದ ಸೇವಾದಾರರು ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಏಕಕಾಲಕ್ಕೆ ಹಂಚುತ್ತಾರೆ. ಹೊರಗಿನವರಿಗೆ ಇಡೀ ಬೀದಿ ಒಂದೇ ಮನೆಯಂತೆ ಕಾಣುತ್ತದೆ. ಯಾವ ಉತ್ತರ ಯಾವ ಮನೆಗೆ ಸೇರಬೇಕೆಂಬುದನ್ನು ಪೋರ್ಟ್ ಸಂಖ್ಯೆ ನೋಡಿ ಬೇರ್ಪಡಿಸುತ್ತಾರೆ. ಒಂದು ವಿಳಾಸಕ್ಕೆ ಇರುವ ಪೋರ್ಟ್‌ಗಳು 65,536. ಒಂದು ಜಾಲತಾಣ ತೆರೆದರೆ ಹತ್ತಾರು ಪೋರ್ಟ್‌ಗಳು ಕ್ಷಣಕಾಲ ಬಳಕೆಯಾಗಿ ಮರಳುತ್ತವೆ. ಒಂದು ವಿಳಾಸಕ್ಕೆ ಎಷ್ಟು ಮನೆಗಳನ್ನು ಜೋಡಿಸಬಹುದು, ಒತ್ತಡದ ಗಂಟೆಯಲ್ಲಿ ಪೋರ್ಟ್ ಸಿಗದೆ ನೂರರಲ್ಲಿ ಎಷ್ಟು ಮಂದಿಯ ಪುಟ ತೆರೆಯದೇ ಹೋಗಬಹುದು ಎಂಬುದನ್ನು ಸೇವಾದಾರರ ಎಂಜಿನಿಯರುಗಳು ಈಗ ಲೆಕ್ಕ ಹಾಕುತ್ತಾರೆ. ಅದಕ್ಕೆ ಅವರು ಮೊದಲು ತೆರೆಯುವುದು 1917ರ ಸೂತ್ರವನ್ನೇ.